ಕೇಂದ್ರ ಸಚಿವ ಸಂಪುಟ: ಕಾಸರಗೋಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದುಕನ್ನು ಬದಲಿಸಿದ ದೊಡ್ಡ ತೀರ್ಮಾನಗಳಲ್ಲಿ ಹಲವು ತಿರುವನಂತಪುರದಲ್ಲೂ ಆಗಿಲ್ಲ, ಬೆಂಗಳೂರಿನಲ್ಲೂ ಆಗಿಲ್ಲ. ದೆಹಲಿಯಲ್ಲಿ ಆಗಿವೆ. 1956ರಲ್ಲಿ ನಾವು ಯಾವ ರಾಜ್ಯಕ್ಕೆ ಸೇರಬೇಕು ಅನ್ನುವುದು, ಹೊರದೇಶದ ಅಡಿಕೆ ಯಾವ ಬೆಲೆಗೆ ಒಳಗೆ ಬರಬೇಕು ಅನ್ನುವುದು, ತಲಪಾಡಿಯಿಂದ ತೆಂಕಲಿಗೆ ಆರು ಪಥದ ರಸ್ತೆ ಬರಬೇಕು ಅನ್ನುವುದು, ಎಲ್ಲವೂ ಅಲ್ಲಿಂದಲೇ ಬಂದವು. ಆದರೆ ನಮ್ಮ ಕಡೆಯ ಮನವಿಗಳು ಎಷ್ಟೋ ಸಲ ತಪ್ಪು ಬಾಗಿಲು ತಟ್ಟುತ್ತವೆ. ಸಂಸತ್ತು ಮಾಡಬೇಕಾದ ಕೆಲಸವನ್ನು ಮಂತ್ರಿಯ ಬಳಿ ಕೇಳುತ್ತೇವೆ. ಒಂದು ಇಲಾಖೆಯ ಅಧಿಸೂಚನೆ ಸಾಕಾಗುವ ಕಡೆ ಹೊಸ ಕಾನೂನು ಬರಲಿ ಅಂತ ಕಾಯುತ್ತೇವೆ. ಪಿಎಸ್‌ಸಿ ಪರೀಕ್ಷೆಗೆ ಓದುವ ಮಕ್ಕಳು, ಅಡಿಕೆ ಬೆಳೆಗಾರರು, ನಿವೃತ್ತ ಮಾಷ್ಟ್ರುಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಮಂತ್ರಿಮಂಡಲ, ಸಚಿವ ಸಂಪುಟ ಎರಡೂ ಒಂದೇ ಅಲ್ವಾ?

ಅಲ್ಲ. ಮಂತ್ರಿಮಂಡಲ ದೊಡ್ಡದು, ಸಂಪುಟ ಅದರೊಳಗಿನ ಸಣ್ಣ ಗುಂಪು. 2024ರ ಜೂನ್ 9ರಂದು ಪ್ರಧಾನಿಯೂ ಸೇರಿ 72 ಮಂದಿ ಪ್ರಮಾಣ ವಚನ ಸ್ವೀಕರಿಸಿದರು. ಅದರಲ್ಲಿ 30 ಮಂದಿ ಸಂಪುಟ ದರ್ಜೆಯ ಸಚಿವರು, 5 ಮಂದಿ ಸ್ವತಂತ್ರ ಹೊಣೆಯ ರಾಜ್ಯ ಸಚಿವರು, 36 ಮಂದಿ ರಾಜ್ಯ ಸಚಿವರು. ಇಡೀ 72 ಮಂದಿ ಮಂತ್ರಿಮಂಡಲ. ಪ್ರಧಾನಿ ಮತ್ತು ಆ 30 ಮಂದಿ ಮಾತ್ರ ಸಂಪುಟ.

ರಾಜ್ಯ ಸಚಿವ ಅಂದ ಕೂಡಲೇ ಕೇರಳದ ಮಂತ್ರಿ ಅಂತ ತಿಳಿಯುವವರಿದ್ದಾರೆ. ಇವರೂ ಕೇಂದ್ರದ ಮಂತ್ರಿಗಳೇ, ದರ್ಜೆ ಮಾತ್ರ ಕೆಳಗಿನದು. ಸ್ವತಂತ್ರ ಹೊಣೆ ಇದ್ದವರು ತಮ್ಮ ಖಾತೆಯನ್ನು ತಾವೇ ನಡೆಸುತ್ತಾರೆ. ಉಳಿದ ರಾಜ್ಯ ಸಚಿವರು ಒಬ್ಬ ಸಂಪುಟ ಸಚಿವರ ಕೈಕೆಳಗೆ ಕೆಲಸ ಮಾಡುತ್ತಾರೆ. ಸಂಪುಟ ಸಭೆಗೆ ಇವರನ್ನು ಕರೆದರೆ ಮಾತ್ರ ಹೋಗಬಹುದು.

ಪ್ರಧಾನಿ ಯಾರಾಗಬೇಕು ಅಂತ ತೀರ್ಮಾನಿಸುವುದು ಯಾರು?

ಕಾಗದದ ಮೇಲೆ ರಾಷ್ಟ್ರಪತಿ. ಸಂವಿಧಾನದ 75ನೇ ವಿಧಿ ಹೇಳುವುದು ಇಷ್ಟೇ: ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸಬೇಕು, ಉಳಿದ ಮಂತ್ರಿಗಳನ್ನು ಪ್ರಧಾನಿಯ ಸಲಹೆಯಂತೆ ನೇಮಿಸಬೇಕು. ಒಂದು ಪಕ್ಷಕ್ಕೆ ಲೋಕಸಭೆಯಲ್ಲಿ ಸ್ಪಷ್ಟ ಬಹುಮತ ಬಂದಿದ್ದರೆ ರಾಷ್ಟ್ರಪತಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಆ ಪಕ್ಷದ ನಾಯಕರನ್ನು ಕರೆಯಲೇಬೇಕು. ಬಹುಮತ ಯಾರಿಗೂ ಬಾರದಿದ್ದಾಗ ಅವರ ವಿವೇಚನೆಗೆ ನಿಜವಾದ ಕೆಲಸ ಬರುತ್ತದೆ.

1989ರಲ್ಲಿ ಅತಿ ದೊಡ್ಡ ಪಕ್ಷ ಕಾಂಗ್ರೆಸ್. ಅದರ ನಾಯಕ ರಾಜೀವ್ ಗಾಂಧಿ ಸರ್ಕಾರ ರಚಿಸಲು ಮುಂದೆ ಬರಲಿಲ್ಲ. ಹೊರಗಿನ ಬೆಂಬಲದಿಂದ ವಿ.ಪಿ. ಸಿಂಗ್ ಪ್ರಧಾನಿಯಾದರು. 1996ರಲ್ಲಿ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಅತಿ ದೊಡ್ಡ ಪಕ್ಷದ ನಾಯಕ ಅನ್ನುವ ಕಾರಣಕ್ಕೆ ವಾಜಪೇಯಿಯವರನ್ನು ಕರೆದರು. ಬಹುಮತ ಒಟ್ಟಾಗಲಿಲ್ಲ, 13 ದಿನಕ್ಕೆ ಅವರು ರಾಜೀನಾಮೆ ಕೊಟ್ಟರು. 1998ರಲ್ಲಿ ಕೆ.ಆರ್. ನಾರಾಯಣನ್ ಬೇರೆ ದಾರಿ ಹಿಡಿದರು. ಬೆಂಬಲದ ಪತ್ರಗಳನ್ನು ತನ್ನಿ, ಆಮೇಲೆ ಆಹ್ವಾನ ಅಂದರು. ನನ್ನ ಮಟ್ಟಿಗೆ ನಾರಾಯಣನ್ ಅವರ ದಾರಿಯೇ ಸರಿ. ಬಹುಮತದ ಲೆಕ್ಕ ಪ್ರಮಾಣ ವಚನಕ್ಕೆ ಮೊದಲೇ ಜನರ ಕಣ್ಣಿಗೆ ಬಿದ್ದರೆ ಒಳ್ಳೆಯದು. ಯಾರನ್ನೇ ಕರೆದರೂ ಕೊನೆಯ ಪರೀಕ್ಷೆ ಲೋಕಸಭೆಯೊಳಗೆ, ವಿಶ್ವಾಸಮತದಲ್ಲಿ.

ಸಂಸದರಲ್ಲದವರು ಮಂತ್ರಿ ಆಗಬಹುದಾ?

ಆಗಬಹುದು, ಆರು ತಿಂಗಳ ಮಟ್ಟಿಗೆ. ಅಷ್ಟರೊಳಗೆ ಲೋಕಸಭೆಗೋ ರಾಜ್ಯಸಭೆಗೋ ಆಯ್ಕೆಯಾಗಬೇಕು. ಇಲ್ಲದಿದ್ದರೆ ಹುದ್ದೆ ತಾನಾಗಿ ಹೋಗುತ್ತದೆ.

ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ. ಕರ್ನಾಟಕದ ಮುಖ್ಯಮಂತ್ರಿ ಹುದ್ದೆಯಿಂದ ನೇರವಾಗಿ ದೆಹಲಿಗೆ ಹೋದವರು. ಆಮೇಲೆ ರಾಜ್ಯಸಭೆಗೆ ಆಯ್ಕೆಯಾದರು. ಅವರಿಗಿಂತ ಮೊದಲು ಪಿ.ವಿ. ನರಸಿಂಹ ರಾವ್ 1991ರಲ್ಲಿ ಪ್ರಧಾನಿಯಾದ ಮೇಲೆ ಆಂಧ್ರದ ನಂದ್ಯಾಲದಿಂದ ಉಪಚುನಾವಣೆ ಗೆದ್ದರು. ಇತ್ತೀಚಿನ ಉದಾಹರಣೆ ಬೇಕಾದರೆ ಕೇರಳದವರೇ ಆದ ಜಾರ್ಜ್ ಕುರಿಯನ್. 2024ರ ಜೂನ್‌ನಲ್ಲಿ ರಾಜ್ಯ ಸಚಿವರಾದಾಗ ಅವರು ಸಂಸದರಲ್ಲ. ಆಗಸ್ಟ್‌ನಲ್ಲಿ ಮಧ್ಯಪ್ರದೇಶದಿಂದ ರಾಜ್ಯಸಭೆಗೆ ಹೋದರು.

ಆರು ತಿಂಗಳು ಮುಗಿಯುವ ಹೊತ್ತಿಗೆ ರಾಜೀನಾಮೆ ಕೊಟ್ಟು ಮತ್ತೆ ಪ್ರಮಾಣ ಮಾಡಿದರೆ ಇನ್ನೂ ಆರು ತಿಂಗಳು ಸಿಗುತ್ತಾ ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಪಂಜಾಬಿನಲ್ಲಿ ಒಬ್ಬ ಮಂತ್ರಿ ಇದನ್ನೇ ಮಾಡಿದ್ದರು. 2001ರಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ಮಾಡುವ ವಂಚನೆ ಅಂದಿತು. ಒಂದೇ ಸದನದ ಅವಧಿಯಲ್ಲಿ ಎರಡನೇ ಸಲ ಆ ರಿಯಾಯಿತಿ ಸಿಗುವುದಿಲ್ಲ.

ಮಂತ್ರಿಗಳ ಸಂಖ್ಯೆಗೆ ಮಿತಿ ಇದೆಯಾ? ನಮ್ಮ ಕಡೆಗೊಂದು ಪಾಲು ಇದೆಯಾ?

ಮಿತಿ ಇದೆ. 2003ರ 91ನೇ ತಿದ್ದುಪಡಿಯ ಪ್ರಕಾರ ಪ್ರಧಾನಿಯೂ ಸೇರಿ ಮಂತ್ರಿಗಳು ಲೋಕಸಭೆಯ ಒಟ್ಟು ಸದಸ್ಯರ ಶೇಕಡಾ 15ನ್ನು ಮೀರಬಾರದು. 543 ಸ್ಥಾನಕ್ಕೆ ಲೆಕ್ಕ ಹಾಕಿದರೆ 81.

ಪಾಲು ಇಲ್ಲ. ರಾಜ್ಯಕ್ಕಿಷ್ಟು, ಭಾಷೆಗಿಷ್ಟು, ಜಾತಿಗಿಷ್ಟು ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. ಎಲ್ಲ ಪ್ರಧಾನಿಗಳೂ ಲೆಕ್ಕಾಚಾರ ಮಾಡುತ್ತಾರೆ, ಮಿತ್ರಪಕ್ಷಗಳು ಕೇಳಿ ಪಡೆಯುತ್ತವೆ. ಅದು ರಾಜಕೀಯ, ಹಕ್ಕಲ್ಲ.

ಪ್ರಮಾಣ ವಚನದಲ್ಲಿ ಎರಡು ಸಲ ಓದುತ್ತಾರಲ್ಲ, ಯಾಕೆ?

ಒಂದು ಅಧಿಕಾರದ ಪ್ರಮಾಣ, ಇನ್ನೊಂದು ಗೌಪ್ಯತೆಯ ಪ್ರಮಾಣ. ಸಂಪುಟದೊಳಗೆ ಯಾರು ಏನು ಹೇಳಿದರು ಅನ್ನುವುದನ್ನು ಹೊರಗೆ ಹೇಳುವುದಿಲ್ಲ ಅನ್ನುವುದು ಎರಡನೆಯದರ ತಿರುಳು. ನಮ್ಮ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ಮಾಡಿದ್ದು ನೆನಪಿರಬಹುದು. ಅದು ಸದನದ ಸದಸ್ಯರ ಪ್ರಮಾಣ, ಮಂತ್ರಿಯದ್ದಲ್ಲ. ಆದರೂ ಆ ದಿನ ನಮಗೆಲ್ಲ ಹೆಮ್ಮೆಯಾಗಿತ್ತು, ಹಾಗಾಗಿ ಇಲ್ಲಿ ಬರೆದೆ.

ಅಧಿಕಾರ ನಿಜವಾಗಿ ಯಾರದ್ದು? ಆದೇಶವೆಲ್ಲ ರಾಷ್ಟ್ರಪತಿಯ ಹೆಸರಿನಲ್ಲೇ ಬರುತ್ತದಲ್ಲ?

53ನೇ ವಿಧಿಯ ಪ್ರಕಾರ ಕೇಂದ್ರದ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯದ್ದು. 77ನೇ ವಿಧಿಯ ಪ್ರಕಾರ ಎಲ್ಲ ಆದೇಶಗಳೂ ಅವರ ಹೆಸರಿನಲ್ಲೇ ಹೊರಡಬೇಕು. ಆದರೆ 74ನೇ ವಿಧಿ ಅವರ ಕೈ ಹಿಡಿದಿದೆ. ಮಂತ್ರಿಮಂಡಲದ ಸಲಹೆಯಂತೆ ಅವರು ನಡೆಯಬೇಕು. 1976ರ 42ನೇ ತಿದ್ದುಪಡಿ ಇದನ್ನು ಬಾಯಿಬಿಟ್ಟು ಹೇಳಿತು. 1978ರ 44ನೇ ತಿದ್ದುಪಡಿ ಒಂದು ಸಣ್ಣ ಕಿಟಕಿ ತೆರೆಯಿತು. ರಾಷ್ಟ್ರಪತಿ ಒಂದು ಸಲ ಸಲಹೆಯನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು.

ಒಂದೇ ಸಲ ತಾನೇ, ಅದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಇದೆ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕು ಅಂತ ಗುಜ್ರಾಲ್ ಸಂಪುಟ ಶಿಫಾರಸು ಮಾಡಿತು. ನಾರಾಯಣನ್ ಅದನ್ನು ಹಿಂದಕ್ಕೆ ಕಳಿಸಿದರು. ಸಂಪುಟ ಸುಮ್ಮನಾಯಿತು. ಮಾರನೇ ವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸಂಪುಟಕ್ಕೂ ಹಾಗೇ ಆಯಿತು. ಊರೆಲ್ಲ ನೋಡುತ್ತಿರುವಾಗ ಒಂದು ಪ್ರಶ್ನೆ ಕೇಳುವುದಕ್ಕೂ ಬೆಲೆ ಇದೆ.

ಸಂಪುಟ ಸಭೆಯಲ್ಲಿ ಏನು ನಡೆಯುತ್ತದೆ? ಮತ ಹಾಕುತ್ತಾರಾ?

ಸಭೆಗಿಂತ ಮೊದಲಿನ ಕೆಲಸವೇ ಜಾಸ್ತಿ. ಒಂದು ಇಲಾಖೆ ತನ್ನ ಪ್ರಸ್ತಾವನೆಗೆ ಸಂಪುಟ ಟಿಪ್ಪಣಿ ತಯಾರಿಸುತ್ತದೆ. ಆ ವಿಷಯಕ್ಕೆ ಸಂಬಂಧಪಟ್ಟ ಬೇರೆ ಇಲಾಖೆಗಳಿಗೆ ಅದರ ಕರಡು ಹೋಗುತ್ತದೆ. ಹಣದ ಮಾತಿದ್ದರೆ ಹಣಕಾಸು ಸಚಿವಾಲಯ, ಕಾನೂನಿನ ಮಾತಿದ್ದರೆ ಕಾನೂನು ಸಚಿವಾಲಯ ಅಭಿಪ್ರಾಯ ಬರೆಯಲೇಬೇಕು. ಆಕ್ಷೇಪಗಳು, ಅದಕ್ಕೆ ಉತ್ತರಗಳು ಎಲ್ಲ ಸೇರಿ ಟಿಪ್ಪಣಿ ಸಂಪುಟ ಸಚಿವಾಲಯಕ್ಕೆ ತಲಪುತ್ತದೆ. ಅಲ್ಲಿನ ಮುಖ್ಯಸ್ಥರು ಸಂಪುಟ ಕಾರ್ಯದರ್ಶಿ. ದೇಶದ ಅತಿ ಹಿರಿಯ ಸರ್ಕಾರಿ ಅಧಿಕಾರಿ ಅವರೇ. ಮಂತ್ರಿಗಳ ಮೇಜಿಗೆ ಬರುವ ಹೊತ್ತಿಗೆ ವಿಷಯ ಬಹುತೇಕ ಹದಕ್ಕೆ ಬಂದಿರುತ್ತದೆ.

ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಮಾತುಕತೆ ನಡೆಯುತ್ತದೆ, ಪ್ರಧಾನಿ ಒಮ್ಮತವನ್ನು ಹೇಳುತ್ತಾರೆ, ಅದು ತೀರ್ಮಾನ. ಒಳಗೆ ಎಷ್ಟು ಬೇಕಾದರೂ ವಾದಿಸಬಹುದು. ಹೊರಗೆ ಬಂದ ಮೇಲೆ ಎಲ್ಲರೂ ಒಂದೇ ಮಾತಿನವರು. ಒಪ್ಪದವರು ರಾಜೀನಾಮೆ ಕೊಡಬೇಕು. ಇದಕ್ಕೆ ಸಾಮೂಹಿಕ ಹೊಣೆ ಅನ್ನುತ್ತಾರೆ. 75ನೇ ವಿಧಿ ಆ ಹೊಣೆಯನ್ನು ಲೋಕಸಭೆಗೆ ಕಟ್ಟಿದೆ, ರಾಜ್ಯಸಭೆಗಲ್ಲ.

ಯಾವ ಇಲಾಖೆಗೆ ಯಾವ ಕೆಲಸ, ಯಾವ ವಿಷಯ ಸಂಪುಟಕ್ಕೆ ಹೋಗಲೇಬೇಕು ಅನ್ನುವುದಕ್ಕೆ 1961ರ ಎರಡು ನಿಯಮಾವಳಿಗಳಿವೆ. ಸರ್ಕಾರ ದಿನನಿತ್ಯ ನಡೆಯುವುದು ಇವುಗಳ ಮೇಲೆಯೇ. ಪರೀಕ್ಷೆಗೆ ಓದುವವರು ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಾರೆ, ಇವನ್ನು ತೆರೆದೂ ನೋಡುವುದಿಲ್ಲ. ಒಮ್ಮೆ ಓದಿ ನೋಡಿ, ಪತ್ರಿಕೆಯ ದೆಹಲಿ ಸುದ್ದಿ ಅರ್ಥವಾಗಲು ಶುರುವಾಗುತ್ತದೆ.

ಸಂಪುಟ ಸಮಿತಿ ಅಂತ ಕೇಳುತ್ತೇವಲ್ಲ, ಅದೇನು?

ಇಡೀ ಸಂಪುಟ ಎಲ್ಲಕ್ಕೂ ಕೂರಲು ಆಗುವುದಿಲ್ಲ. ಹಾಗಾಗಿ ಸಣ್ಣ ಸಮಿತಿಗಳಿವೆ. ಭದ್ರತೆಯ ಸಮಿತಿಯಲ್ಲಿ ಪ್ರಧಾನಿ, ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ಸಚಿವರು. ನೇಮಕಾತಿಯ ಸಮಿತಿಯಲ್ಲಿ ಪ್ರಧಾನಿ ಮತ್ತು ಗೃಹ ಸಚಿವರು ಮಾತ್ರ. ಆರ್ಥಿಕ ವ್ಯವಹಾರಗಳ ಸಮಿತಿ ಬೆಂಬಲ ಬೆಲೆ, ದೊಡ್ಡ ಯೋಜನೆಗಳಂಥದ್ದನ್ನು ನೋಡುತ್ತದೆ. ಸಮಿತಿಯ ತೀರ್ಮಾನಕ್ಕೆ ಸಂಪುಟದ ತೀರ್ಮಾನದಷ್ಟೇ ಬಲ.

ಎಲ್ಲ ವಿಷಯಗಳೂ ಸಂಪುಟಕ್ಕೆ ಹೋಗುತ್ತವಾ? ಅಡಿಕೆ ಆಮದಿನ ಬೆಲೆ ಯಾರು ತೀರ್ಮಾನಿಸಿದ್ದು?

ಹೋಗುವುದಿಲ್ಲ. ಸರ್ಕಾರದ ಬಹುಪಾಲು ಕೆಲಸ ಇಲಾಖೆಯ ಮಟ್ಟದಲ್ಲೇ ಮುಗಿಯುತ್ತದೆ. ಅಡಿಕೆ ಇದಕ್ಕೆ ಚೆನ್ನಾದ ಉದಾಹರಣೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಎಲ್ಲ ಮನೆಗೂ ಗೊತ್ತಿರುವ ವಿಷಯ.

1992ರ ವಿದೇಶ ವ್ಯಾಪಾರ ಕಾಯ್ದೆ ಆಮದು ರಫ್ತನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕಾಯ್ದೆ ಮಾಡಿದ್ದು ಸಂಸತ್ತು. ಅದರಡಿ ದಿನದಿನದ ಆದೇಶ ಹೊರಡಿಸುವುದು ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. 2023ರ ಫೆಬ್ರವರಿಯಲ್ಲಿ ಒಂದು ಅಧಿಸೂಚನೆ ಬಂತು. ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿತು. ಹೊಸ ಮಸೂದೆ ಇಲ್ಲ, ಲೋಕಸಭೆಯಲ್ಲಿ ಮತದಾನ ಇಲ್ಲ. ಬೆಳೆಗಾರರ ಸಂಘದವರು ಅಡಿಕೆ ಬೆಲೆಯ ಬಗ್ಗೆ ಸಂಸತ್ತು ಕಾನೂನು ಮಾಡಲಿ ಅಂತ ಬರೆಯುವ ಬದಲು ವಾಣಿಜ್ಯ ಸಚಿವರಿಗೆ, ಬೇಕಾದ ಬೆಲೆ ಎಷ್ಟು ಅಂತ ಲೆಕ್ಕದೊಂದಿಗೆ ಬರೆಯಬೇಕು. ಜೊತೆಗೆ ಒಂದು ಮಾತು. ಅಧಿಸೂಚನೆಯಿಂದ ಬಂದದ್ದು ಅಧಿಸೂಚನೆಯಿಂದಲೇ ಹೋಗಬಹುದು. ಹಾಗಾಗಿ ಗೆಜೆಟ್ ಮೇಲೆ ಒಂದು ಕಣ್ಣು ಇರಲಿ.

ಕನ್ನಡಕ್ಕೆ ಶಾಸ್ತ್ರೀಯ ಸ್ಥಾನವನ್ನು ಸರ್ಕಾರವೇ ಕೊಟ್ಟಿತು. ತುಳುವನ್ನು ಎಂಟನೇ ಪರಿಚ್ಛೇದಕ್ಕೆ ಸೇರಿಸಲು ಯಾಕೆ ಇಷ್ಟು ಕಷ್ಟ?

ದಾರಿಗಳೇ ಬೇರೆ. ಶಾಸ್ತ್ರೀಯ ಭಾಷೆ ಅನ್ನುವುದು ಕಾರ್ಯಾಂಗದ ತೀರ್ಮಾನ. ಮಾನದಂಡ ಹಾಕಿದ್ದೂ ಸರ್ಕಾರ, ಘೋಷಿಸಿದ್ದೂ ಸರ್ಕಾರ. ಕನ್ನಡಕ್ಕೆ ಆ ಸ್ಥಾನ 2008ರ ಅಕ್ಟೋಬರ್ 31ರಂದು ಬಂತು. 2024ರ ಅಕ್ಟೋಬರ್ 3ರಂದು ಸಂಪುಟ ಒಂದೇ ಸಭೆಯಲ್ಲಿ ಮರಾಠಿ, ಪಾಲಿ, ಪ್ರಾಕೃತ, ಅಸ್ಸಾಮಿ, ಬಂಗಾಳಿ ಐದಕ್ಕೂ ಕೊಟ್ಟಿತು.

ಎಂಟನೇ ಪರಿಚ್ಛೇದ ಅಂದರೆ ಸಂವಿಧಾನ ಮಾನ್ಯ ಮಾಡಿದ ಭಾಷೆಗಳ ಪಟ್ಟಿ, ಅದು ಸಂವಿಧಾನದ ಭಾಗ. ಅದಕ್ಕೆ ಒಂದು ಭಾಷೆ ಸೇರಿಸಬೇಕಾದರೆ ಸಂವಿಧಾನ ತಿದ್ದುಪಡಿ ಮಸೂದೆ ಬೇಕು, ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಸಂಪುಟ ಮನಸ್ಸು ಮಾಡದೆ ಮಸೂದೆ ಬರುವುದು ಕಷ್ಟ, ಆದರೆ ಸಂಪುಟ ಒಂದೇ ಮನಸ್ಸು ಮಾಡಿದರೂ ಸಾಲದು. ತುಳು ನಮ್ಮ ಮನೆಗಳ ಮಾತು. ಕಾಸರಗೋಡು, ಮಂಜೇಶ್ವರದಲ್ಲಿ ಕನ್ನಡದಷ್ಟೇ ಹತ್ತಿರದ್ದು. ಅದರ ಬೇಡಿಕೆಯನ್ನು ಸರಿಯಾದ ರೂಪದಲ್ಲಿ ಇಡಬೇಕು ಅನ್ನುವ ಕಾಳಜಿಯಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮಹಾಜನ್ ವರದಿಯನ್ನು ಕೇಂದ್ರ ಸಂಪುಟ ಒಪ್ಪಿದ್ದರೆ ಕಾಸರಗೋಡು ಕರ್ನಾಟಕಕ್ಕೆ ಬರುತ್ತಿತ್ತಾ?

ಈ ಪ್ರಶ್ನೆ ಬಾರದ ಸಭೆ ಇಲ್ಲ. ಹಿರಿಯರು ಕೇಳುವಾಗ ಧ್ವನಿಯೇ ಬೇರೆಯಾಗುತ್ತದೆ. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕಾಸರಗೋಡು ತಾಲೂಕು ಆಗ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1953ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ಫಜಲ್ ಅಲಿ, ಸದಸ್ಯರು ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್. ನೇಮಿಸಿದ್ದು ಕಾರ್ಯಾಂಗ. ಆಯೋಗ 1955ರಲ್ಲಿ ವರದಿ ಕೊಟ್ಟು ತಾಲೂಕನ್ನು ಕೇರಳಕ್ಕೆ ಸೇರಿಸಲು ಹೇಳಿತು. ವರದಿ ಕಾನೂನಲ್ಲ. ಸಂಪುಟ ಅದನ್ನು ಪರಿಶೀಲಿಸಿ ಮಸೂದೆ ತಂದಿತು, ಸಂಸತ್ತು 1956ರಲ್ಲಿ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಮಾಡಿತು. ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಅದೇ ದಿನ ಆ ಕಡೆ ಕನ್ನಡದ ರಾಜ್ಯ ಹುಟ್ಟಿತು.

ಹೋರಾಟ ನಿಲ್ಲಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಅಂಥವರು ಜೀವಮಾನವಿಡೀ ಅದರಲ್ಲಿದ್ದರು. 1966ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. 1967ರ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕು ಅಂದಿತು. ಮಹಾರಾಷ್ಟ್ರದ ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಬಗ್ಗೆಯೂ ಹೀಗೇ ಹೇಳಿತು. ವರದಿ ಅಲ್ಲೇ ನಿಂತಿತು. ಅದನ್ನು ಜಾರಿ ಮಾಡುವ ಕಾಯ್ದೆ ಬರಲೇ ಇಲ್ಲ.

ಈಗ ಪ್ರಶ್ನೆಗೆ ಉತ್ತರ. ಸಂಪುಟ ಒಪ್ಪಿದ್ದರೂ ಅಷ್ಟಕ್ಕೇ ಗಡಿ ಬದಲಾಗುತ್ತಿರಲಿಲ್ಲ. 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸುವುದು ಸಂಸತ್ತು ಮಾತ್ರ. ಆದರೆ ಆ ಮಸೂದೆ ರಾಷ್ಟ್ರಪತಿಯ ಶಿಫಾರಸು ಇಲ್ಲದೆ ಮಂಡನೆಯಾಗುವಂತಿಲ್ಲ. ರಾಷ್ಟ್ರಪತಿಯ ಶಿಫಾರಸು ಅಂದರೆ ಸಂಪುಟದ ಸಲಹೆ. ಬೀಗದ ಕೈ ಸಂಪುಟದಲ್ಲಿದೆ, ಬಾಗಿಲು ಸಂಸತ್ತಿನಲ್ಲಿದೆ. ಹಾಗಾಗಿ 1967ರ ನಂತರ ಬಂದ ಎಲ್ಲ ಪಕ್ಷಗಳ ಸಂಪುಟಗಳೂ ಈ ಮೌನಕ್ಕೆ ಉತ್ತರ ಕೊಡಬೇಕಾದವೇ.

ಕೇರಳ ಒಪ್ಪಬೇಕಿತ್ತಲ್ಲ ಅಂತ ಕೆಲವರು ಹೇಳುತ್ತಾರೆ. ಸಂವಿಧಾನ ಹಾಗೆ ಹೇಳುವುದಿಲ್ಲ. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಾಗಿಲ್ಲ. ತೆಲಂಗಾಣವನ್ನೇ ನೋಡಿ. ಕೇಂದ್ರ ಸಂಪುಟ 2013ರ ಅಕ್ಟೋಬರ್‌ನಲ್ಲಿ ಒಪ್ಪಿತು. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಸಂಸತ್ತು ಅಂಗೀಕರಿಸಿತು. ಜೂನ್ 2ಕ್ಕೆ ಹೊಸ ರಾಜ್ಯ ಬಂತು.

ನಮ್ಮ ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರನ್ನು ಹಾಕಿದರೆ ಕೇಂದ್ರ ಏನಾದರೂ ಮಾಡಬಹುದಾ?

ಶಿಕ್ಷಕರ ನೇಮಕ ರಾಜ್ಯದ ಕೆಲಸ. ಮೊದಲ ಹೊಣೆ ಕೇರಳ ಸರ್ಕಾರದ್ದೇ. ಆದರೆ 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚುವಾಗ ಗಡಿಯಲ್ಲಿ ಉಳಿದವರ ಚಿಂತೆ ಇತ್ತು. ಅದೇ ವರ್ಷದ 7ನೇ ತಿದ್ದುಪಡಿ 350ಎ ಮತ್ತು 350ಬಿ ವಿಧಿಗಳನ್ನು ತಂದಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡಲು ರಾಜ್ಯ ಪ್ರಯತ್ನಿಸಬೇಕು, ಅದಕ್ಕೆ ಬೇಕಾದ ನಿರ್ದೇಶನವನ್ನು ರಾಷ್ಟ್ರಪತಿ ರಾಜ್ಯಕ್ಕೆ ಕೊಡಬಹುದು ಅನ್ನುತ್ತದೆ ಮೊದಲನೆಯದು. ರಾಷ್ಟ್ರಪತಿ ಅಂದರೆ ಇಲ್ಲೂ ಕೇಂದ್ರ ಸಂಪುಟವೇ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ಅವರ ವರದಿ ರಾಷ್ಟ್ರಪತಿಗೆ ಹೋಗುತ್ತದೆ, ಸಂಸತ್ತಿನ ಎರಡೂ ಸದನಗಳ ಮುಂದೆ ಬರುತ್ತದೆ.

ಆ ಅಧಿಕಾರಿ ಆದೇಶ ಹೊರಡಿಸಲಾರರು, ವರದಿ ಮಾತ್ರ ಬರೆಯಬಲ್ಲರು. ಆದರೂ ಅವರಿಗೆ ಬರೆಯುವುದನ್ನು ಬಿಡಬೇಡಿ. ಶಾಲೆಯ ಹೆಸರು, ತರಗತಿ, ಖಾಲಿ ಇರುವ ಹುದ್ದೆ, ಎಷ್ಟು ತಿಂಗಳಿಂದ ಖಾಲಿ ಅನ್ನುವುದನ್ನು ಬರೆದರೆ ಅದು ದಾಖಲೆಯಾಗುತ್ತದೆ. ಕನ್ನಡಕ್ಕೆ ಅನ್ಯಾಯ ಅಂತ ಎರಡು ಪುಟ ಬರೆದರೆ ಕಡತಕ್ಕೆ ಸೇರುತ್ತದೆ ಅಷ್ಟೇ.

ಎಂಡೋಸಲ್ಫಾನ್ ನಿಷೇಧಿಸಲು ಕೇಂದ್ರಕ್ಕೆ ಅಧಿಕಾರ ಇರಲಿಲ್ಲವಾ?

ಇತ್ತು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಒಂದು ವಿಷವನ್ನು ದೇಶದಿಂದಲೇ ತೆಗೆದುಹಾಕುವ ಅಧಿಕಾರ ಕೇಂದ್ರ ಸರ್ಕಾರದ್ದು. ರಾಜ್ಯ ಅಲ್ಪಾವಧಿಗೆ ಮಾತ್ರ ತಡೆಯಬಲ್ಲದು. ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಣೆ ನಿಂತದ್ದು 2000ದ ಇಸವಿಯ ಕೊನೆಗೆ. ಎಣ್ಮಕಜೆ, ಪಡ್ರೆಯ ಮಕ್ಕಳ ಸ್ಥಿತಿ ಅಷ್ಟರಲ್ಲಿ ನಾಡಿಗೇ ಗೊತ್ತಾಗಿತ್ತು. 2010ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ದೇಶದಾದ್ಯಂತ ನಿಷೇಧಿಸಿ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೊನೆಗೆ ಉತ್ಪಾದನೆ, ಮಾರಾಟ, ಬಳಕೆ ಮೂರನ್ನೂ ತಡೆದದ್ದು 2011ರ ಮೇ 13ರ ಸುಪ್ರೀಂ ಕೋರ್ಟ್ ಆದೇಶ. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಅದೇ ಕೋರ್ಟ್ ಹೇಳಿತು.

ಅಧಿಕಾರ ಇದ್ದೂ ಬಳಸದಿರುವುದು ಕೂಡ ಒಂದು ತೀರ್ಮಾನವೇ. ಅದರ ಬೆಲೆಯನ್ನು ತೆತ್ತವರು ನಮ್ಮ ಪಕ್ಕದ ಮನೆಗಳಲ್ಲಿದ್ದಾರೆ. ಇದನ್ನು ಬರೀ ಪರೀಕ್ಷೆಯ ಉತ್ತರದಂತೆ ಬರೆಯಲು ನನ್ನಿಂದ ಆಗುವುದಿಲ್ಲ.

2020ರಲ್ಲಿ ಕೊರೊನಾ ಹೊತ್ತಿನಲ್ಲಿ ಕರ್ನಾಟಕ ತಲಪಾಡಿಯ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಕೇಂದ್ರಕ್ಕೆ ಏನು ಸಂಬಂಧ?

ಅದು ರಾಷ್ಟ್ರೀಯ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪಟ್ಟಿಯ ವಿಷಯ, 73ನೇ ವಿಧಿಯ ಪ್ರಕಾರ ಆ ಪಟ್ಟಿಯ ವಿಷಯಗಳಿಗೆಲ್ಲ ಕೇಂದ್ರದ ಕಾರ್ಯಾಂಗದ ಅಧಿಕಾರ ಹಬ್ಬಿದೆ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ಸಿಕ್ಕಿಕೊಂಡಾಗ ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ತಡೆ ತೆಗೆಸಿ ಅಂತ ಹೇಳಿದ್ದು ಕೇಂದ್ರ ಸರ್ಕಾರಕ್ಕೆ. ಸುಪ್ರೀಂ ಕೋರ್ಟ್‌ಗೆ ವಿಷಯ ಹೋದಾಗ ಕೇಂದ್ರ ಆರೋಗ್ಯ ಕಾರ್ಯದರ್ಶಿ ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನು ಕೂರಿಸಿ ಮಾತಾಡಿದರು. ರೋಗಿಗಳು ದಾಟಲು ಒಂದು ಕ್ರಮ ಬಂತು.

ಸುಗ್ರೀವಾಜ್ಞೆ ಅಂದರೆ ಸಂಸತ್ತು ಇಲ್ಲದೆ ಕಾನೂನು ಮಾಡುವುದಾ?

ಹೌದು, ತಾತ್ಕಾಲಿಕವಾಗಿ. ಸಂಸತ್ತು ಸೇರಿಲ್ಲದ ಹೊತ್ತಿನಲ್ಲಿ ತುರ್ತಾಗಿ ಬೇಕಾದರೆ 123ನೇ ವಿಧಿಯಡಿ ರಾಷ್ಟ್ರಪತಿ ಸುಗ್ರೀವಾಜ್ಞೆ ಹೊರಡಿಸುತ್ತಾರೆ, ಸಂಪುಟದ ಸಲಹೆಯಂತೆ. ಸಂಸತ್ತು ಮತ್ತೆ ಸೇರಿ ಆರು ವಾರದೊಳಗೆ ಅಂಗೀಕರಿಸದಿದ್ದರೆ ಅದು ಬಿದ್ದುಹೋಗುತ್ತದೆ.

ಪ್ರಧಾನಿ ಒಬ್ಬರೇ ತೀರ್ಮಾನ ಮಾಡಿದರೆ ತಡೆಯುವವರು ಯಾರು?

1975ರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಜೂನ್ 25ರ ರಾತ್ರಿ ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯ ಮೇಲೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟ ಸೇರಿದ್ದು ಮಾರನೇ ದಿನ ಬೆಳಿಗ್ಗೆ. ಆಗಲೇ ಆಗಿಹೋದದ್ದನ್ನು ಮಂತ್ರಿಗಳು ಒಪ್ಪಿಕೊಂಡರು.

ಜನತಾ ಸರ್ಕಾರ 1978ರ 44ನೇ ತಿದ್ದುಪಡಿಯಲ್ಲಿ ಈ ದಾರಿಯನ್ನು ಮುಚ್ಚಿತು. ಸಂಪುಟದ ತೀರ್ಮಾನ ಬರಹದಲ್ಲಿ ಕೈಗೆ ಸಿಗದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಅಂತ 352ನೇ ವಿಧಿಗೆ ಸೇರಿಸಿತು. ಸಂಪುಟ ಅನ್ನುವ ಹೆಸರು ಸಂವಿಧಾನದೊಳಗೆ ಬಂದದ್ದೇ ಆಗ. ಅಲ್ಲಿಯವರೆಗೆ ದೇಶವನ್ನು ನಡೆಸುತ್ತಿದ್ದ ಸಂಸ್ಥೆಯ ಹೆಸರು ಸಂವಿಧಾನದಲ್ಲಿ ಇರಲೇ ಇಲ್ಲ.

ಸರ್ಕಾರ ಬಿದ್ದ ದಿನದಿಂದ ಹೊಸದು ಬರುವವರೆಗೆ ದೇಶ ನಡೆಸುವುದು ಯಾರು?

ಹಳೇ ಮಂತ್ರಿಮಂಡಲವೇ, ಹಂಗಾಮಿಯಾಗಿ. ಲೋಕಸಭೆ ವಿಸರ್ಜನೆಯಾದರೂ ರಾಷ್ಟ್ರಪತಿಗೆ ಸಲಹೆ ಕೊಡಲು ಮಂತ್ರಿಮಂಡಲ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿದೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269-270ರಲ್ಲಿ, ಒಂದೇ ಮತದಿಂದ ಸೋತಿತು. ಚುನಾವಣೆ ಮುಗಿದು ಹೊಸ ಸರ್ಕಾರ ಬಂದದ್ದು ಅಕ್ಟೋಬರ್‌ನಲ್ಲಿ. ನಡುವೆ ಕಾರ್ಗಿಲ್ ಯುದ್ಧ ನಡೆಯಿತು. ಆ ಯುದ್ಧವನ್ನು ನಿರ್ವಹಿಸಿದ್ದು ಹಂಗಾಮಿ ಸರ್ಕಾರ. ಹೊಸ ನೀತಿ ತರಬಾರದು ಅನ್ನುವುದು ವಾಡಿಕೆ, ಕೈಕಟ್ಟಿ ಕೂರಬೇಕು ಅಂತಲ್ಲ.

ಪ್ರಧಾನಿ ತೀರಿಕೊಂಡರೆ ಮಂತ್ರಿಮಂಡಲವೇ ಕೊನೆಯಾಗುತ್ತದೆ, ಹೊಸದಾಗಿ ರಚಿಸಬೇಕು. 1964ರಲ್ಲಿ ನೆಹರೂ, 1966ರಲ್ಲಿ ಶಾಸ್ತ್ರಿ ತೀರಿಕೊಂಡಾಗ ಗುಲ್ಜಾರಿಲಾಲ್ ನಂದಾ ಹಂಗಾಮಿ ಪ್ರಧಾನಿಯಾದರು. 1984ರ ಅಕ್ಟೋಬರ್ 31ರಂದು ಮಾತ್ರ ಅದೇ ದಿನ ಸಂಜೆ ರಾಜೀವ್ ಗಾಂಧಿ ಪ್ರಮಾಣ ಮಾಡಿದರು.

ನಮ್ಮ ಸಂಸದರು ಮಂತ್ರಿ ಅಲ್ಲ. ಅವರಿಂದ ಸಂಪುಟಕ್ಕೆ ಏನು ಒತ್ತಡ ಬರುತ್ತದೆ?

ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಇದೇ ಕಾಸರಗೋಡಿನಿಂದ 1957ರಿಂದ ಮೂರು ಸಲ ಲೋಕಸಭೆಗೆ ಹೋದವರು. ಮಂತ್ರಿಯಾಗಲಿಲ್ಲ, ಆದರೆ ನೆಹರೂ ಕೂಡ ಅವರ ಮಾತು ಕೇಳಬೇಕಾಗಿತ್ತು. ಸಂಸದರಿಗೆ ಪ್ರಶ್ನೋತ್ತರ ಅವಧಿ ಇದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರುತ್ತದೆ. ಸಂಸದರ ಕಚೇರಿಗೆ ಹೋಗುವಾಗ ಬೇಡಿಕೆಯ ಜೊತೆಗೆ ಕೇಳಬೇಕಾದ ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ. ಯಾವ ಸಚಿವಾಲಯ, ಯಾವ ಯೋಜನೆ, ಎಷ್ಟು ಹಣ, ಯಾವಾಗ ಮುಗಿಯುತ್ತದೆ. ಇಷ್ಟು ಇದ್ದರೆ ಅವರ ಕೆಲಸ ಹಗುರ.

ಸಂಪುಟದ ಕಡತ ಮಾಹಿತಿ ಹಕ್ಕಿನಲ್ಲಿ ಸಿಗುತ್ತದಾ?

ತೀರ್ಮಾನ ಆಗುವವರೆಗೆ ಇಲ್ಲ. 2005ರ ಕಾಯ್ದೆಯ 8ನೇ ಕಲಮು ಸಂಪುಟದ ಕಾಗದಗಳಿಗೆ ರಕ್ಷಣೆ ಕೊಟ್ಟಿದೆ. ತೀರ್ಮಾನವಾಗಿ ವಿಷಯ ಪೂರ್ತಿ ಮುಗಿದ ಮೇಲೆ ತೀರ್ಮಾನ, ಅದರ ಕಾರಣ, ಆಧಾರವಾದ ವಿವರಗಳನ್ನು ಬಹಿರಂಗಪಡಿಸಬೇಕು ಅಂತಲೂ ಅದೇ ಕಲಮು ಹೇಳುತ್ತದೆ. ಬೇರೆ ವಿನಾಯಿತಿಗಳು ಅಡ್ಡ ಬಂದರೆ ಅದು ಬೇರೆ ಮಾತು. ಕೇಂದ್ರದ ಕಚೇರಿಗೆ ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಕನ್ನಡದಲ್ಲಿ ಮನವಿ ಬರೆದರೆ ದೆಹಲಿಯಲ್ಲಿ ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳಬೇಕು. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಎಲ್ಲರಿಗೂ ಇದೆ. ಇದು 350ನೇ ವಿಧಿ. ಮನವಿಯ ಮೇಲೆ ಆ ವಿಧಿಯ ಸಂಖ್ಯೆ ನಮೂದಿಸಿ. ಬೇಗ ಕೆಲಸ ಆಗಬೇಕಿದ್ದರೆ ಇಂಗ್ಲಿಷಿನ ಒಂದು ಪ್ರತಿ ಲಗತ್ತಿಸಿ, ಆದರೆ ಮೂಲ ಕನ್ನಡದಲ್ಲೇ ಇರಲಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಒಂದು ಪ್ರತಿ ಸಂಸದರಿಗೆ, ಶಾಲೆಯ ವಿಷಯವಾದರೆ ಇನ್ನೊಂದು ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗೆ.